ಬುರುಡೆಯಕ್ಕನ ಹೇಳಿಕೆ

ನಮ್ಮ ಲಾಂಡ್ರಿಯಲ್ಲಿ ಎಲ್ಲರೂ ಅವಳನ್ನು ಬುರುಡೆಯಕ್ಕ ಎಂದೇ ಕರೆಯುತ್ತಿದ್ದೆವು. ಬೆನ್ನ ಹಿಂದೆ ಏನೂ ಅಲ್ಲ, ಎದುರಿಗೇ. ಅವಳೂ ಅದಕ್ಕೇ ಓಗೊಡುತ್ತಿದ್ದಳು. ದೊಡ್ಡ ಹಾಸುಬಟ್ಟೆಯನ್ನು ಒಬ್ಬರೇ ಮಡಚಲು ಆಗುವುದಿಲ್ಲ. ಎರಡು ತುದಿಗೆ ಇಬ್ಬರು ನಿಂತು, ಎಳೆದು, ಕೊಡವಿ, ಹತ್ತಿರ ಬಂದು ಮೂಲೆಗೆ ಮೂಲೆ ಸೇರಿಸಬೇಕು. ಹನ್ನೊಂದು ವರ್ಷ ನನ್ನ ಎದುರಿನ ತುದಿ ಹಿಡಿದವಳು ಅವಳು. ನನ್ನ ಗಂಡನ ಮುಖಕ್ಕಿಂತ ಅವಳ ಮುಖವನ್ನೇ ನಾನು ಹೆಚ್ಚು ನೋಡಿದ್ದೇನೆ.

ಮೂರು ಆಸ್ಪತ್ರೆ, ಎಂಟು ಹೋಟೆಲುಗಳ ಬಟ್ಟೆ ನಮ್ಮಲ್ಲಿಗೆ ಬರುತ್ತಿತ್ತು. ಒಂದು ಕಡೆ ಒಗೆಯುವ ಯಂತ್ರಗಳು, ಇನ್ನೊಂದು ಕಡೆ ಇಸ್ತ್ರಿ ಮಾಡುವ ದೊಡ್ಡ ರೋಲರು, ಅದರ ಮುಂದೆ ನಮ್ಮ ಮಡಚುವ ಮೇಜುಗಳು. ಸೆಕೆ, ಸದ್ದು, ಸೋಪಿನ ಘಾಟು. ಎಂಟು ಗಂಟೆ ನಿಂತೇ ಮಾಡುವ ಕೆಲಸ. ಅಂಥ ಜಾಗದಲ್ಲಿ ಅವಳ ಬಾಯಿ ಇಲ್ಲದಿದ್ದರೆ ನಮ್ಮಲ್ಲಿ ಅರ್ಧ ಜನ ಕೆಲಸ ಬಿಟ್ಟು ಹೋಗುತ್ತಿದ್ದರು.

ಹಾಸುಬಟ್ಟೆಯ ಮೇಲೆ ಒಂದು ಕಲೆ ಕಂಡರೆ ಸಾಕು, ಅದರ ಹಿಂದೆ ಒಂದು ಸಂಸಾರವನ್ನೇ ಕಟ್ಟಿ ನಿಲ್ಲಿಸುತ್ತಿದ್ದಳು. ಕಾಫಿಯ ಕಲೆಯಿದ್ದರೆ ಅದು ಹೊಸದಾಗಿ ಮದುವೆಯಾದವರ ಮೊದಲ ಜಗಳ. ಯಾರು ಏನೆಂದರು, ಲೋಟ ಯಾರ ಕೈಯಿಂದ ಬಿತ್ತು, ಕೊನೆಗೆ ಯಾರು ಮೊದಲು ನಕ್ಕರು ಎಂಬುದೆಲ್ಲ ಅವಳಿಗೆ ಗೊತ್ತು. ತನ್ನ ಬಗ್ಗೆಯೂ ಬಿಡುತ್ತಿದ್ದಳು. ಗಂಡ ಹಡಗಿನ ಕ್ಯಾಪ್ಟನ್, ಕಡಲಿನಲ್ಲೇ ಇರುತ್ತಾನೆ. ಸಣ್ಣವಳಿದ್ದಾಗ ಬಾವಿಗೆ ಬಿದ್ದು ಮೂರು ದಿನ ಒಂದು ಆಮೆಯ ಜೊತೆ ಮಾತಾಡಿಕೊಂಡಿದ್ದಳು. ಮಗಳು ದೂರದಲ್ಲಿ ಡಾಕ್ಟರ್ ಓದುತ್ತಿದ್ದಾಳೆ. ನಿಜವಾ ಎಂದು ಯಾರೂ ಕೇಳುತ್ತಿರಲಿಲ್ಲ. ಸೂಪರ್‌ವೈಸರು ಕೂಡ ಕಂಬಕ್ಕೆ ಒರಗಿ ನಿಂತು, ಕೇಳುತ್ತಿಲ್ಲವೆಂಬ ಮುಖ ಮಾಡಿಕೊಂಡು ಪೂರ್ತಿ ಕೇಳಿಯೇ ಹೋಗುತ್ತಿದ್ದರು.

ರೋಲರಿಗೆ ಬಟ್ಟೆ ಕೊಡುವ ಕೆಲಸ ಚುರುಕಿಯದು. ಇಪ್ಪತ್ತನಾಲ್ಕು ವರ್ಷದ ಹುಡುಗಿ, ಕೈ ಗಾಳಿಯ ಹಾಗೆ ಓಡುತ್ತಿತ್ತು, ಅದಕ್ಕೇ ಆ ಹೆಸರು. ರೋಲರಿನ ಬಾಯಿಯ ಮುಂದೆ ಅಂಗೈ ಅಗಲದ ಒಂದು ಕಬ್ಬಿಣದ ಪಟ್ಟಿ ಇದೆ. ಬೆರಳು ತಪ್ಪಿ ಅದಕ್ಕೆ ತಾಗಿದರೂ ಯಂತ್ರ ಗಕ್ಕನೆ ನಿಲ್ಲಬೇಕು. ತೊಂದರೆ ಏನೆಂದರೆ ಬಟ್ಟೆ ಗುಪ್ಪೆಯಾಗಿ ಬಂದು ತಾಗಿದರೂ ಅದು ನಿಲ್ಲುತ್ತಿತ್ತು. ಆ ತಿಂಗಳು ಎರಡು ಹೊಸ ಹೋಟೆಲುಗಳು ಸೇರಿಕೊಂಡಿದ್ದವು, ಕೆಲಸ ತಲೆಯ ಮೇಲೆ ಬಿದ್ದಿತ್ತು. ಸೋಮವಾರ ಬೆಳಗ್ಗೆ ಯಂತ್ರ ಏಳನೇ ಸಲ ನಿಂತಾಗ ಸೂಪರ್‌ವೈಸರು ನನ್ನನ್ನು ಕರೆದರು.

"ಇದೊಂದು ಕಾಟ ನೋಡಮ್ಮ. ಆ ಪಟ್ಟೀನ ಮೇಲಕ್ಕೆತ್ತಿ ಕಟ್ಟಿಬಿಡು. ಮೇಲಿನವರು ನನ್ನ ತಲೆ ತಿಂತಿದ್ದಾರೆ."

ಆಸ್ಪತ್ರೆಯ ಹರಿದ ಹಾಸುಬಟ್ಟೆಯಿಂದ ಹಸಿರು ಅಂಚನ್ನು ಸೀಳಿ ತೆಗೆದು, ಪಟ್ಟಿಯನ್ನು ಎತ್ತಿ ಎರಡು ಗಂಟು ಹಾಕಿ ಕಟ್ಟಿದೆ. ಕಟ್ಟಿದವಳು ನಾನೇ. ಎಲ್ಲರೂ ಟೀ ಕುಡಿಯಲು ಹೋಗಿದ್ದ ಹೊತ್ತು ಅದು, ಯಾರೂ ನೋಡಲಿಲ್ಲ. ಆಮೇಲೆ ಕಟ್ಟಿರುವುದನ್ನು ಎಲ್ಲರೂ ನೋಡಿದರು. ಯಂತ್ರ ನಿಲ್ಲದೆ ಓಡುತ್ತಿತ್ತು, ಯಾರೂ ಏನೂ ಅನ್ನಲಿಲ್ಲ.

ಗುರುವಾರ ಹನ್ನೊಂದು ಗಂಟೆಯ ಸುಮಾರಿಗೆ ಒಂದು ಹೋಟೆಲಿನ ಹಾಸುಬಟ್ಟೆಯಲ್ಲಿ ಶಾಯಿಯ ಕಲೆ ಬಂತು. ಬುರುಡೆಯಕ್ಕ ಅದನ್ನು ಬೆಳಕಿಗೆ ಹಿಡಿದು ನೋಡಿ, ನಿದ್ದೆಯಲ್ಲಿ ತೀರ್ಪು ಬರೆಯುವ ಒಬ್ಬ ಜಡ್ಜಿನ ಕತೆ ಶುರು ಮಾಡಿದಳು. ಹಗಲು ಕೋರ್ಟಿನಲ್ಲಿ ಅವರು ಯಾವ ತೀರ್ಮಾನಕ್ಕೂ ಬರುವುದಿಲ್ಲವಂತೆ. ಮಲಗಿದ ಮೇಲೆ ಹಾಸುಬಟ್ಟೆಯ ಮೇಲೆ ತೀರ್ಪು ಬರೆಯುತ್ತಾರಂತೆ. ಬೆಳಗ್ಗೆ ಗುಮಾಸ್ತ ಬಂದು ಹಾಸುಬಟ್ಟೆ ಮಡಚಿಕೊಂಡು ಕೋರ್ಟಿಗೆ ಹೊರಡುತ್ತಾನಂತೆ. ಚುರುಕಿ ನಕ್ಕಳು. ನಗುತ್ತಲೇ, ಮಡಚಿಕೊಂಡಿದ್ದ ಒಂದು ಮೂಲೆಯನ್ನು ಸರಿಮಾಡಲು ಮುಂದೆ ಬಾಗಿದಳು. ಬಟ್ಟೆಯ ಜೊತೆ ಅವಳ ಬಲಗೈ ಒಳಗೆ ಹೋಯಿತು.

ಮೊದಲು ಓಡಿದವಳು ಬುರುಡೆಯಕ್ಕ. ಮೇಜನ್ನು ತಳ್ಳಿಕೊಂಡೇ ಓಡಿ, ಗೋಡೆಯ ಮೇಲಿದ್ದ ಕೆಂಪು ಸ್ವಿಚ್ಚನ್ನು ಮುಷ್ಟಿಯಿಂದ ಗುದ್ದಿದಳು. ನಾನು ಹಾಸುಬಟ್ಟೆಯ ತುದಿ ಹಿಡಿದುಕೊಂಡು ನಿಂತೇ ಇದ್ದೆ. ಇನ್ನೊಂದು ತುದಿ ನೆಲದ ಮೇಲೆ ಬಿದ್ದಿತ್ತು.

ಆಂಬುಲೆನ್ಸ್ ಹೋಗಿ ನಾವು ಒಳಗೆ ಬರುವಷ್ಟರಲ್ಲಿ ಹಸಿರು ಅಂಚು ಅಲ್ಲಿರಲಿಲ್ಲ. ಪಟ್ಟಿ ತನ್ನ ಜಾಗದಲ್ಲಿ ಕೂತಿತ್ತು.

ಮರುದಿನ ಕಚೇರಿಯಿಂದ ಟೈಪು ಮಾಡಿದ ಕಾಗದಗಳು ಬಂದವು. ಪಟ್ಟಿ ಸರಿಯಾಗಿ ಕೆಲಸ ಮಾಡುತ್ತಿತ್ತು, ಸಹೋದ್ಯೋಗಿಯೊಬ್ಬಳು ಹೇಳುತ್ತಿದ್ದ ಹಾಸ್ಯದ ಕತೆಗಳಿಂದ ಕೆಲಸಗಾರ್ತಿಯ ಗಮನ ತಪ್ಪಿತು, ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ ಎಂದು ಬರೆದಿತ್ತು. ಕೆಳಗೆ ಸಹಿಗೆ ಜಾಗ. ನನ್ನ ಗಂಡ ಇದೇ ಲಾಂಡ್ರಿಯ ವ್ಯಾನ್ ಓಡಿಸುತ್ತಾರೆ. ಹಿಂದಿನ ಸಂಜೆಯೇ ಅವರಿಗೆ ವಿಷಯ ಗೊತ್ತಾಗಿತ್ತು. "ಒಂದು ಸಹಿ ತಾನೇ. ಇಬ್ಬರೂ ಒಂದೇ ದಿನ ಮನೇಲಿ ಕೂತ್ರೆ ಏನು ಗತಿ, ಯೋಚನೆ ಮಾಡು," ಎಂದಿದ್ದರು. ಯೋಚನೆ ಮಾಡುವುದಕ್ಕೇ ಹೋಗದೆ ಸಹಿ ಹಾಕಿದೆ. ಇಪ್ಪತ್ತಮೂರು ಜನ ಹಾಕಿದರು. ಬುರುಡೆಯಕ್ಕ ಕಾಗದವನ್ನು ಎರಡು ಸಲ ಓದಿ, ನೀಟಾಗಿ ನಾಲ್ಕು ಮಡಿಕೆ ಮಾಡಿ ವಾಪಸ್ ಕೊಟ್ಟಳು. "ನಾನು ನೋಡಿದ್ದು ಇದಲ್ಲ," ಎಂದಳು.

ಭಾನುವಾರ ನಾವಿಬ್ಬರೂ ಆಸ್ಪತ್ರೆಗೆ ಹೋದೆವು. ಹೋಗುವ ಮುಖ ನನಗಿರಲಿಲ್ಲ, ಅವಳೇ ಎಳೆದುಕೊಂಡು ಹೋದಳು. ಚುರುಕಿಯ ಕೈಯಲ್ಲಿ ಎರಡು ಬೆರಳು ಉಳಿದಿದ್ದವು. ದಪ್ಪ ಬ್ಯಾಂಡೇಜು, ಔಷಧಿಯ ಮಂಪರು. ಅವಳು ನಮ್ಮನ್ನು ನೋಡಿ ಸಣ್ಣಗೆ ಕೇಳಿದಳು, "ಅಕ್ಕ, ಆ ಜಡ್ಜು ಏನಾದ್ರು? ಗುಮಾಸ್ತ ಕೋರ್ಟಿಗೆ ಹೋದ್ನಾ?"

ಬುರುಡೆಯಕ್ಕ ಬಾಯಿ ತೆರೆದಳು, ಮುಚ್ಚಿದಳು. ಮಾತು ಸಿಗದೆ ಅವಳು ನಿಂತದ್ದನ್ನು ಹನ್ನೊಂದು ವರ್ಷದಲ್ಲಿ ನಾನು ಅವತ್ತೇ ನೋಡಿದ್ದು. ಚುರುಕಿಯ ಹೊದಿಕೆಯನ್ನು ಕಾಲಿನ ತನಕ ಎಳೆದು ಸರಿಮಾಡಿ ಹೊರಗೆ ಬಂದುಬಿಟ್ಟಳು.

ಹೊರಗೆ ವರಾಂಡದಲ್ಲಿ ಚುರುಕಿಯ ಅಣ್ಣ ನಮ್ಮನ್ನು ತಡೆದ. ಬಸ್ ಕಂಡಕ್ಟರ್, ಕೆಲಸದ ಬಟ್ಟೆಯಲ್ಲೇ ಬಂದಿದ್ದ.

"ಅಕ್ಕ, ಕಾರ್ಮಿಕ ಇಲಾಖೆಯವರು ವಿಚಾರಣೆ ಮಾಡ್ತಾರಂತೆ. ಸಹಿ ಹಾಕದೆ ಇರೋರು ನೀವೊಬ್ರೇ. ಪಟ್ಟಿ ಕಟ್ಟಿತ್ತು ಅಂತ ಹೇಳ್ತೀರಲ್ಲ?"

"ಹೇಳ್ತೀನಿ."

"ಸೂಪರ್‌ವೈಸರು ಕಟ್ಟಿದ್ದನ್ನ ಕಣ್ಣಾರೆ ನೋಡ್ದೆ ಅಂತ ಒಂದು ಮಾತು ಸೇರಿಸಿ. ಬರೀ ಕಟ್ಟಿತ್ತು ಅಂದ್ರೆ ಅವಳೇ ಕಟ್ಕೊಂಡ್ಳು ಅಂತಾರೆ."

"ನಾನು ನೋಡಿಲ್ವಲ್ಲಪ್ಪ."

"ನೋಡ್ದೋರ ಥರ ಹೇಳೋದು ನಿಮಗೇನು ಕಷ್ಟನಾ?"

"ಕಷ್ಟ ಏನಿಲ್ಲ. ಈಗಲೇ ನಿಂತ ಕಾಲಲ್ಲಿ ಹೇಳಬಲ್ಲೆ. ಅವರು ಯಾವ ಬಣ್ಣದ ಅಂಗಿ ಹಾಕಿದ್ರು, ಗಂಟು ಹಾಕೋವಾಗ ಏನು ಗೊಣಗಿದ್ರು, ಎಲ್ಲಾನೂ. ಕೇಳಿದೋರು ಅಳಬೇಕು, ಹಾಗೆ ಹೇಳ್ತೀನಿ. ಅದೇ ನನಗೆ ಭಯ. ಅಷ್ಟು ಚೆನ್ನಾಗಿ ಹೇಳಿದ್ಮೇಲೆ ನಿಜವಾಗಿ ನೋಡಿದ್ದನ್ನ ಯಾವ ಬಾಯಲ್ಲಿ ಹೇಳಲಿ?"

ಅವನಿಗೆ ಸಿಟ್ಟು ಬಂತು. ನಿಮ್ಮ ಬುರುಡೆ ಕೇಳಿಯೇ ತಂಗಿಗೆ ಹೀಗಾಯಿತು, ಈಗ ಬೇಕಾದಾಗ ಬುರುಡೆ ಬರುವುದಿಲ್ಲವಾ ಎಂದು ಕೂಗಿ ಒಳಗೆ ಹೋದ. ನಾನು ಗೋಡೆ ನೋಡುತ್ತ ನಿಂತಿದ್ದೆ. ಯಾರು ಕಟ್ಟಿದರು ಎಂದು ಗೊತ್ತಿದ್ದವಳು ಅವನಿಂದ ಎರಡು ಮಾರು ದೂರದಲ್ಲೇ ಇದ್ದಳು.

ಬಸ್ಸಿನಲ್ಲಿ ಅವಳ ಪಕ್ಕ ಕೂತು ನಾನೇ ಬುದ್ಧಿ ಹೇಳಿದೆ. "ಅಕ್ಕ, ನೀನು ಕತೆ ಹೇಳ್ತಿದ್ದೆ ಅನ್ನೋದನ್ನ ಬಿಟ್ಟುಬಿಡು. ಅದನ್ನೇ ಹಿಡ್ಕೊಂಡು ಎಳೀತಾರೆ."

"ಅವಳು ನಕ್ಕಿದ್ದು ನನ್ನ ಕತೆಗೇ ಅಲ್ವಾ?"

"ಹೌದು. ಆದ್ರೆ..."

"ಆದ್ರೆ ಗೀದ್ರೆ ಏನಿಲ್ಲ. ಅದನ್ನ ಬಿಟ್ರೆ ಉಳಿದಿದ್ದೂ ನನ್ನ ಬಾಯಲ್ಲಿ ಕತೆಯಾಗಿಬಿಡುತ್ತೆ." ಅವಳು ಕಿಟಕಿಯ ಕಡೆ ತಿರುಗಿದಳು. "ರಾತ್ರಿ ಎಲ್ಲ ಅದೇ ಕೇಳಿಸುತ್ತೆ ನನಗೆ, ಅವಳ ನಗು. ಅದನ್ನ ಹೊತ್ಕೊಂಡೇ ಹೋಗ್ತೀನಿ. ಅವರು ಏನು ಬೇಕಾದ್ರೂ ಅನ್ಕೊಳ್ಳಲಿ."

ಎರಡು ವಾರದ ಮೇಲೆ ನಮ್ಮ ಊಟದ ಹಾಲಿನಲ್ಲೇ ವಿಚಾರಣೆ ನಡೆಯಿತು. ಮೇಜುಗಳನ್ನು ಗೋಡೆಗೆ ಸರಿಸಿ ಕುರ್ಚಿ ಹಾಕಿದ್ದರು. ಇಲಾಖೆಯಿಂದ ಒಬ್ಬ ಮಹಿಳಾ ಅಧಿಕಾರಿ ಬಂದಿದ್ದರು. ಮಾತು ಕಡಿಮೆ, ಮಾತಿಗೊಮ್ಮೆ ಕನ್ನಡಕ ಒರೆಸಿಕೊಳ್ಳುತ್ತಿದ್ದರು. ಪಕ್ಕದಲ್ಲಿ ಬರೆದುಕೊಳ್ಳುವ ಗುಮಾಸ್ತ. ಇನ್ನೊಂದು ಬದಿಗೆ ಮ್ಯಾನೇಜರು, ಸೂಪರ್‌ವೈಸರು, ಕಂಪನಿಯ ವಕೀಲರು. ನಾವೆಲ್ಲ ಹಿಂದೆ ಸಾಲಾಗಿ ಕೂತಿದ್ದೆವು. ನಮ್ಮ ಇಪ್ಪತ್ತಮೂರು ಕಾಗದಗಳು ಒಂದು ದಾರದಲ್ಲಿ ಕಟ್ಟಿಕೊಂಡು ಅಧಿಕಾರಿಯ ಮುಂದಿದ್ದವು.

ಬುರುಡೆಯಕ್ಕ ಎದ್ದು ನಿಂತು ಹೇಳಿದ್ದು ಬಹಳ ಸಣ್ಣ ಮಾತು. ಸೋಮವಾರ ಟೀ ಆದ ಮೇಲಿಂದ ಪಟ್ಟಿ ಮೇಲಕ್ಕೆ ಕಟ್ಟಿತ್ತು. ಹಸಿರು ಅಂಚಿನ ಬಟ್ಟೆಯಿಂದ ಕಟ್ಟಿತ್ತು. ಯಾರು ಕಟ್ಟಿದರೋ ನಾನು ನೋಡಿಲ್ಲ. ಗುರುವಾರ ಅಪಘಾತ ಆದಾಗಲೂ ಕಟ್ಟಿಯೇ ಇತ್ತು. ಆಗ ನಾನು ಕತೆ ಹೇಳುತ್ತಿದ್ದೆ, ಹುಡುಗಿ ನಕ್ಕಳು. ಆಮೇಲೆ ನಾನು ಸ್ವಿಚ್ಚು ಗುದ್ದಿದೆ. ಇಷ್ಟೇ.

"ಏನು ಕತೆ?" ಅಧಿಕಾರಿ ಕೇಳಿದರು.

"ನಿದ್ದೆಯಲ್ಲಿ ತೀರ್ಪು ಬರೆಯೋ ಜಡ್ಜಿಂದು, ಮೇಡಂ."

ಗುಮಾಸ್ತನಿಗೆ ನಗು ತಡೆಯಲಾಗಲಿಲ್ಲ, ಕೆಮ್ಮಿ ಮುಚ್ಚಿಕೊಂಡ. ವಕೀಲರು ಎದ್ದರು. ಒಳ್ಳೆಯ ದನಿ ಅವರದು, ಮನೆಗೆ ಬಂದ ನೆಂಟರನ್ನು ಮಾತಾಡಿಸುವ ಹಾಗೆ ಶುರು ಮಾಡಿದರು.

"ನಿಮ್ಮನ್ನ ಇಲ್ಲಿ ಏನಂತ ಕರೀತಾರೆ?"

"ಬುರುಡೆಯಕ್ಕ ಅಂತ."

"ಯಾಕೆ?"

"ಬುರುಡೆ ಬಿಡ್ತೀನಿ, ಅದಕ್ಕೆ."

"ನಿಮ್ಮ ಯಜಮಾನರು ಹಡಗಿನ ಕ್ಯಾಪ್ಟನ್ ಅಂತ ಇವರಿಗೆಲ್ಲ ಹೇಳಿದ್ದೀರಂತೆ. ನಿಜವಾ?"

"ಸುಳ್ಳು. ಲಿಫ್ಟ್ ರಿಪೇರಿ ಮಾಡ್ತಿದ್ರು. ಬಿಟ್ಟು ಹೋಗಿ ಹದಿನಾರು ವರ್ಷ ಆಯ್ತು."

"ಬಾವಿಗೆ ಬಿದ್ದು ಮೂರು ದಿನ ಆಮೆ ಜೊತೆ ಇದ್ದಿದ್ದು?"

"ಸುಳ್ಳು. ನಮ್ಮನೇಲಿ ಬಾವೀನೇ ಇರ್ಲಿಲ್ಲ. ನಲ್ಲಿ ಇತ್ತು."

"ದೊಡ್ಡ ಹೋಟೆಲಲ್ಲಿ ಹಾಡ್ತಿದ್ರಂತೆ?"

"ಅಲ್ಲಿ ಪಾತ್ರೆ ತೊಳೀತಿದ್ದೆ. ತೊಳೆಯೋವಾಗ ಹಾಡ್ತಿದ್ದೆ. ಅದಷ್ಟು ನಿಜ."

ಹಿಂದಿನ ಸಾಲಿನಲ್ಲಿ ನಗು ಎದ್ದಿತು. ವಕೀಲರೂ ನಕ್ಕರು. ಯಾರೋ ನಮ್ಮವರೇ ಅವರಿಗೆ ಇದನ್ನೆಲ್ಲ ಬರೆದು ಕೊಟ್ಟಿದ್ದರು. ಅವರು ಆ ಕಾಗದ ನೋಡಿ, ದನಿಯನ್ನು ಇನ್ನೂ ಮೆತ್ತಗೆ ಮಾಡಿಕೊಂಡು ಕೇಳಿದರು, "ಮಗಳು ಡಾಕ್ಟರ್ ಓದ್ತಿದ್ದಾಳೆ, ಅಲ್ವಾ?"

ಅವಳು ಎರಡೂ ಕೈಯಿಂದ ಸೆರಗಿನ ತುದಿಯನ್ನು ಮಡಚಿದಳು, ಮೂಲೆಗೆ ಮೂಲೆ ಸೇರಿಸಿ.

"ನನಗೆ ಮಕ್ಕಳಿಲ್ಲ," ಎಂದಳು.

ನಗು ನಿಂತುಹೋಯಿತು. ಅದೊಂದನ್ನು ನಾವೆಲ್ಲರೂ ನಂಬಿದ್ದೆವು. ನಮ್ಮ ಅತ್ತೆಯ ಮಂಡಿನೋವಿಗೆ ನಿನ್ನ ಮಗಳನ್ನು ಒಂದು ಮಾತು ಕೇಳು ಎಂದು ನಾನು ಹೇಳಿದ್ದೆ. ಅವಳು ಕೇಳಿಕೊಂಡು ಬಂದು ಮುಲಾಮಿನ ಹೆಸರನ್ನೂ ಹೇಳಿದ್ದಳು. ಪರೀಕ್ಷೆ ಹೇಗಾಯಿತು, ಹಾಸ್ಟೆಲಿನಲ್ಲಿ ಊಟ ಸರಿ ಇದೆಯಾ ಎಂದು ನಾವು ವಿಚಾರಿಸುತ್ತಿದ್ದೆವು. ಒಂದು ಗಳಿಗೆ ನನಗೆ ಅವಳ ಮೇಲೆ ಕೆಟ್ಟ ಕೋಪ ಬಂತು, ಸುಳ್ಳುಬುರುಕಿ ಎನ್ನಿಸಿತು. ಹಾಗೆ ಎನ್ನಿಸಿದಾಗ ನನ್ನ ಕಣ್ಣು ದಾರದಲ್ಲಿ ಕಟ್ಟಿದ ಕಾಗದಗಳ ಮೇಲಿತ್ತು. ನನ್ನ ಸಹಿ ಎಲ್ಲೋ ನಡುವಿನಲ್ಲಿತ್ತು.

"ಹಾಗಾದ್ರೆ," ವಕೀಲರು ಅಧಿಕಾರಿಯ ಕಡೆ ತಿರುಗಿದರು, "ಹುಟ್ಟದ ಮಗಳನ್ನ ಡಾಕ್ಟರ್ ಮಾಡಿದವರು ಇವರು. ಇವರ ಮಾತನ್ನ ನಾವು ಯಾಕೆ ನಂಬಬೇಕು?"

"ನಂಬಿ ಅಂತ ನಾನು ಎಲ್ಲಿ ಅಂದೆ ಸರ್? ಬರ್ಕೊಳ್ಳಿ ಅಂದೆ." ಬುರುಡೆಯಕ್ಕನ ದನಿ ಏರಲಿಲ್ಲ, ಆದರೆ ಹಾಲಿನ ಕೊನೆಯ ತನಕ ಕೇಳಿಸಿತು. "ನನ್ನ ಕೈಲಿ ಇಪ್ಪತ್ತು ವರ್ಷದ ಕತೆ ಇದೆ. ಎಲ್ಲಿ ನಿಜ ಮುಗೀತು, ಎಲ್ಲಿಂದ ನಂದು ಶುರುವಾಯ್ತು ಅಂತ ಕತ್ತಲಲ್ಲೂ ಹೇಳ್ತೀನಿ, ಬಟ್ಟೆ ತಡವಿದ್ರೆ ಹೊಲಿಗೆ ಸಿಗುತ್ತಲ್ಲ, ಹಾಗೆ. ನಾನು ಕತೆ ಕಟ್ಟೋ ಹಾಗಿದ್ರೆ ಇಷ್ಟು ಸಪ್ಪೆಯಾಗಿ ಕಟ್ತಿದ್ನಾ? ಪಟ್ಟೀನ ಯಾರು ಕಟ್ಟಿದ್ರು ಅನ್ನೋದನ್ನ ಬಿಡ್ತಿದ್ನಾ? ಹುಡುಗಿ ನನ್ನ ಮಾತಿಗೇ ನಕ್ಕಳು ಅಂತ ನನ್ನ ಕುತ್ತಿಗೆಗೆ ನಾನೇ ತಂದ್ಕೊಳ್ತಿದ್ನಾ?" ಅವಳು ಮೇಜಿನ ಮೇಲಿದ್ದ ಕಟ್ಟನ್ನು ತೋರಿಸಿದಳು. "ಅದನ್ನ ನೋಡಿ. ಇಪ್ಪತ್ಮೂರು ಜನ ಬೇರೆ ಬೇರೆ ಕಡೆ ನಿಂತಿದ್ರು. ಎಲ್ಲರೂ ಒಂದೇ ಥರ ನೋಡಿದ್ದಾರೆ, ಒಂದೇ ಮಾತಲ್ಲಿ ಬರೆದಿದ್ದಾರೆ, ಅಕ್ಷರ ಆಚೀಚೆ ಇಲ್ಲ. ಇಂಥ ಕತೆ ನನ್ನ ಕೈಲೂ ಆಗಲ್ಲ."

ಅಧಿಕಾರಿ ಕನ್ನಡಕ ಒರೆಸುವುದನ್ನು ನಿಲ್ಲಿಸಿ ಆ ಕಟ್ಟನ್ನು ಹತ್ತಿರ ಎಳೆದುಕೊಂಡರು. ಒಂದೊಂದೇ ಹಾಳೆ ಮಗುಚಿದರು.

ಜೀವಮಾನದಲ್ಲಿ ನಾನು ಒಂದು ಕತೆ ಕಟ್ಟಿದವಳಲ್ಲ. ಮಕ್ಕಳಿಗೆ ಹೇಳಲೂ ಬರುವುದಿಲ್ಲ ನನಗೆ. ಮನೆಯಲ್ಲಿ, ಬೀದಿಯಲ್ಲಿ, ಕೆಲಸದಲ್ಲಿ ನೇರ ಮಾತಿನವಳೆಂದು ಹೆಸರು. ಆ ಹೆಸರನ್ನು ಇಟ್ಟುಕೊಂಡೇ ನಾನು ಆ ಕಾಗದಕ್ಕೆ ಸಹಿ ಹಾಕಿದ್ದೆ, ಅದಕ್ಕೇ ಅದಕ್ಕೊಂದು ಬೆಲೆಯೂ ಇತ್ತು. ಬಾಯಿತುಂಬ ಸುಳ್ಳು ಹೇಳುವವಳು ಅಲ್ಲಿ ತನ್ನದೆಲ್ಲವನ್ನೂ ಬಿಚ್ಚಿಟ್ಟು ಬರಿಗೈಯಲ್ಲಿ ನಿಂತಿದ್ದಳು. ನಾನು ಮಾತ್ರ ನನ್ನ ಒಳ್ಳೆಯ ಹೆಸರನ್ನು ಹೊದ್ದು ಬೆಚ್ಚಗೆ ಕೂತಿದ್ದೆ. ಎದ್ದದ್ದು ಹೇಗೆಂದು ಈಗಲೂ ತಿಳಿಯದು.

"ಕಟ್ಟಿದ್ದು ನಾನು, ಮೇಡಂ."

ಎಲ್ಲರೂ ತಿರುಗಿದರು. ಬುರುಡೆಯಕ್ಕ ಕೂಡ. ಅವಳ ಮುಖದಲ್ಲಿ ನಿಜವಾದ ಬೆರಗಿತ್ತು.

"ಸೋಮವಾರ ಟೀ ಹೊತ್ತಲ್ಲಿ. ಹಸಿರು ಅಂಚು ನಾನೇ ಸೀಳಿದೆ, ಎರಡು ಗಂಟು ಹಾಕಿದೆ. ಕಟ್ಟು ಅಂದಿದ್ದು ಸೂಪರ್‌ವೈಸರು. ಮೇಲಿನವರು ತಲೆ ತಿಂತಿದ್ದಾರೆ ಅಂತಾನೂ ಅಂದ್ರು, ಅದನ್ನೂ ಬರ್ಕೊಳ್ಳಿ."

"ನಿಮ್ಮ ಸಹಿ ಇಲ್ಲಿದೆಯಲ್ಲಮ್ಮ?" ಎಂದರು ಅಧಿಕಾರಿ.

"ಇದೆ. ಅದು ಬುರುಡೆ."

ಮ್ಯಾನೇಜರು ಎದ್ದು ಏನೋ ಹೇಳಹೊರಟರು, ವಕೀಲರು ಅವರ ತೋಳು ಹಿಡಿದು ಕೂರಿಸಿದರು. ಅಧಿಕಾರಿ ಸೂಪರ್‌ವೈಸರನ್ನು ಕೇಳಿದರು. ಅವರು ತಮ್ಮ ಚಪ್ಪಲಿ ನೋಡಿಕೊಂಡು, "ದಿನಕ್ಕೆ ಇಷ್ಟು ಬಟ್ಟೆ ಆಗಲೇಬೇಕು ಅಂತ ನನಗೂ ಹೇಳಿದ್ರು ಮೇಡಂ," ಎಂದರು. ಕಟ್ಟು ಎಂದಿಲ್ಲ ಎನ್ನಲಿಲ್ಲ. ಉಳಿದ ಇಪ್ಪತ್ತೆರಡು ಜನರಲ್ಲಿ ಯಾರೂ ಏಳಲಿಲ್ಲ. ಅವರನ್ನು ಬೈಯಲು ನನಗೆ ಬಾಯಿಲ್ಲ. ಹತ್ತು ನಿಮಿಷದ ಹಿಂದೆ ನಾನೂ ಅವರಲ್ಲಿ ಒಬ್ಬಳಾಗಿದ್ದೆ.

ಸಂಜೆ ಗೇಟಿನ ಹೊರಗೆ ಅವಳು ನನಗಾಗಿ ಕಾಯುತ್ತಿದ್ದಳು. ನನ್ನನ್ನು ಹೊಗಳಲೂ ಇಲ್ಲ, ಬೈಯಲೂ ಇಲ್ಲ. "ಎರಡು ಗಂಟು ಯಾಕೆ ಹಾಕಿದ್ದೆ?" ಎಂದಳು. ಒಂದು ಹಾಕಿದರೆ ಬಿಚ್ಚಿಕೊಳ್ಳುತ್ತದೆ ಎಂದೆ. ತಲೆಯಾಡಿಸಿದಳು. ಸ್ವಲ್ಪ ದೂರ ನಡೆದ ಮೇಲೆ ನಾನು ಮಗಳ ವಿಷಯ ಕೇಳಿದೆ. ಯಾಕಕ್ಕ ಹಾಗೆ ಹೇಳಿದೆ ಎಂದು.

"ಮೊದಲು ಒಂದು ಸಲ ಸುಮ್ಮನೆ ಬಾಯಿಗೆ ಬಂತು. ಮಾರನೇ ದಿನ ನೀವೆಲ್ಲ, ಮಗಳು ಹೇಗಿದ್ದಾಳೆ ಅಂದ್ರಿ. ಹಾಗೆ ನನ್ನನ್ನ ಯಾರೂ ಕೇಳಿರ್ಲಿಲ್ಲ." ಸೆರಗಿನಿಂದ ಮುಖ ಒರೆಸಿಕೊಂಡಳು. "ಮುಲಾಮು ಮಾತ್ರ ಔಷಧಿ ಅಂಗಡಿಯವನ್ನ ಕೇಳಿಯೇ ಹೇಳಿದ್ದು. ನಿಮ್ಮತ್ತೆಗೆ ಏನಾದ್ರೂ ಆದ್ರೆ ಅಂತ."

ಇಬ್ಬರಿಗೂ ನಗು ಬಂತು. ರಸ್ತೆಯ ಬದಿಯಲ್ಲಿ ನಿಂತು, ಹೋಗಿ ಬರುವವರು ನೋಡುವಷ್ಟು ನಕ್ಕೆವು. ಆಮೇಲೆ ಅವಳು ಅತ್ತಳು.

ನನ್ನ ಗಂಡ ನಾಲ್ಕು ದಿನ ನನ್ನ ಹತ್ತಿರ ಮಾತಾಡಲಿಲ್ಲ. ಅವರನ್ನು ವ್ಯಾನಿನಿಂದ ಇಳಿಸಿ ಮೂಟೆ ಹೊರುವ ಕಡೆಗೆ ಹಾಕಿದರು. ಐದನೇ ದಿನ ಊಟಕ್ಕೆ ಕೂತಾಗ, "ಆ ಹುಡುಗಿಗೆ ಈಗ ಹೇಗಿದೆ?" ಎಂದರು. ಅಷ್ಟರಿಂದ ಮತ್ತೆ ಶುರುವಾಯಿತು.

ಐದು ತಿಂಗಳಾದ ಮೇಲೆ ಇಲಾಖೆಯ ಆದೇಶ ಬಂತು. ಪಟ್ಟಿ ಕಟ್ಟಿದ್ದರಿಂದಲೇ ಅಪಘಾತವಾಯಿತು, ಕೆಲಸಗಾರ್ತಿಯ ತಪ್ಪಿಲ್ಲ ಎಂದು ಅದರಲ್ಲಿತ್ತು. ಚುರುಕಿಗೆ ಪರಿಹಾರ ಕೊಡಬೇಕಾಯಿತು, ಕೂತು ಮಾಡುವ ಕೆಲಸವನ್ನೂ. ಈಗ ಅವಳು ಎಡಗೈಯಲ್ಲಿ ಚೀಟಿ ಬರೆಯುತ್ತಾಳೆ, ಅಕ್ಷರ ಇನ್ನೂ ಸೊಟ್ಟ. ಸೂಪರ್‌ವೈಸರನ್ನು ಬೇರೆ ಶಾಖೆಗೆ ಕಳಿಸಿದರು. ದಿನಕ್ಕೆ ಇಷ್ಟು ಬಟ್ಟೆ ಎಂದು ಹೇಳಿದವರಿಗೆ ಏನೂ ಆಗಲಿಲ್ಲ.

ಆದೇಶ ಬಂದ ವಾರವೇ ಮ್ಯಾನೇಜರು ನಮ್ಮಿಬ್ಬರನ್ನೂ ಕಚೇರಿಗೆ ಕರೆದರು. ಸುಳ್ಳು ಹೇಳಿಕೆ ಕೊಟ್ಟದ್ದಕ್ಕೆ ನನಗೊಂದು ನೋಟಿಸು. ಅದು ನ್ಯಾಯವೇ, ಸಹಿ ಹಾಕಿ ತೆಗೆದುಕೊಂಡೆ. ಬುರುಡೆಯಕ್ಕನ ಮುಂದೆ ಬೇರೆ ಕಾಗದ ಇಟ್ಟರು. ಇನ್ನು ಮುಂದೆ ಕೆಲಸದ ವೇಳೆಯಲ್ಲಿ ಸಹೋದ್ಯೋಗಿಗಳಿಗೆ ಸುಳ್ಳು ಸಂಗತಿಗಳನ್ನು ಹೇಳುವುದಿಲ್ಲ ಎಂದು ಅವಳು ಬರೆದುಕೊಡಬೇಕಿತ್ತು.

ಅವಳು ಕಾಗದವನ್ನು ಎಂದಿನಂತೆ ಎರಡು ಸಲ ಓದಿದಳು.

"ಇದಕ್ಕೆ ಸಹಿ ಹಾಕಕ್ಕಾಗಲ್ಲ ಸರ್."

"ಯಾಕೆ? ನಿಜ ಅಂದ್ರೆ ನಿಮಗೆ ಅಷ್ಟು ಇಷ್ಟ ಅಲ್ವಾ?"

"ಅದಕ್ಕೇ. ನಾನು ನಾಳೆ ಬೆಳಗ್ಗೆನೇ ಬುರುಡೆ ಬಿಡ್ತೀನಿ. ಬಿಡಲ್ಲ ಅಂತ ಸುಳ್ಳು ಬರ್ಕೊಡು ಅಂದ್ರೆ ಹೇಗೆ? ಕತೆ ನಾನು ಬಾಯಲ್ಲಿ ಹೇಳ್ತೀನಿ. ಸಹಿ ಹಾಕಿ ಹೇಳಲ್ಲ."

ಮ್ಯಾನೇಜರ ಮುಖ ಕೆಂಪಾಯಿತು. ಹಾಗಾದರೆ ಮಡಚುವ ಮೇಜಿನಲ್ಲಿ ಜಾಗವಿಲ್ಲ ಎಂದರು. ಕೊಳೆ ಬಟ್ಟೆ ವಿಂಗಡಿಸುವ ಕೋಣೆಗೆ ಹೋಗಬೇಕು, ಅಲ್ಲಿ ಒಬ್ಬರಿಗೇ ಕೆಲಸ. ಆಸ್ಪತ್ರೆಯ ಬಟ್ಟೆ ಬಂದು ಬೀಳುವ ಜಾಗ ಅದು, ಮೂಗು ಮುಚ್ಚಿಕೊಂಡೇ ಒಳಗೆ ಕಾಲಿಡಬೇಕು. ನಾನು ಅವಳ ತೋಳು ಹಿಡಿದೆ. ಅವಳು ಬಿಡಿಸಿಕೊಂಡಳು.

"ಕೈಗವಸು ಕೊಡ್ತೀರಾ, ನಾನೇ ತರಬೇಕಾ?" ಎಂದು ಕೇಳಿದಳು.

ಕೊಡುತ್ತೇವೆ ಎಂದರು. "ದಪ್ಪದ್ದು ಕೊಡಿ. ತೆಳ್ಳಗಿರೋದು ಎರಡು ದಿನಕ್ಕೆ ಹರಿಯುತ್ತೆ," ಎಂದಳು. ಕಾಗದವನ್ನು ಮೇಜಿನ ಅಂಚಿಗೆ ಸರಿಸಿ, ಮೇಲೆ ಅವರದೇ ಪೇಪರ್‌ವೆಯ್ಟ್ ಇಟ್ಟು ಹೊರಗೆ ನಡೆದಳು.

ಅವಳ ನಿವೃತ್ತಿಗೆ ಇನ್ನೂ ನಾಲ್ಕು ವರ್ಷ ಇದೆ. ಮೂರು ತಿಂಗಳಿಗೊಮ್ಮೆ ಕಚೇರಿಯಿಂದ ಅದೇ ಕಾಗದ ಅವಳಿಗೆ ಬರುತ್ತದೆ. ಅವಳು ಓದುತ್ತಾಳೆ, ಸಹಿ ಹಾಕದೆ ವಾಪಸ್ ಕಳಿಸುತ್ತಾಳೆ. ಹೋದ ಸಲ ಅದರಲ್ಲಿ ಒಂದು ಅಕ್ಷರದ ತಪ್ಪಿತ್ತಂತೆ. ತಿದ್ದಿ ಕಳಿಸಿದ್ದಾಳೆ.